ಸಹಾಯ ಬೇಕು: 1956ರಿಂದ 1993ರವರೆಗಿನ ಪ್ರಾಥಮಿಕ ಶಿಕ್ಷಕರ ತರಬೇತಿ ಪಠ್ಯಕ್ರಮಗಳು

ಎಲ್ಲರಿಗೂ ನಮಸ್ಕಾರ. ಸ್ವಾತಂತ್ರ್ಯಾನಂತರ ಕನ್ನಡ ನಾಡಿನ ಪ್ರಾಥಮಿಕ ಶಿಕ್ಷಕರ ತರಬೇತಿ ಹೇಗೆ ಬದಲಾಯಿತು ಎಂದು ದಾಖಲಿಸಲು ಹಳೆಯ ಪಠ್ಯಕ್ರಮದ ಪ್ರತಿಗಳು ಬೇಕಾಗಿವೆ.

ಆಯೋಗದ ವರದಿಗಳು ಸುಲಭವಾಗಿ ಸಿಗುತ್ತವೆ. 1937ರ ವಾರ್ಧಾ ಯೋಜನೆಯ ಮೂಲಶಿಕ್ಷಣ (ನೂಲುವಿಕೆಯಂಥ ಕೈಕಸುಬಿನ ಮೂಲಕ ಕಲಿಸುವ ಪದ್ಧತಿ), 1964–66ರ ಕೊಠಾರಿ ಆಯೋಗ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಬಂದ ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು), 1993ರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಕಾಯ್ದೆ, ಎಲ್ಲವೂ ಇವೆ. ಆದರೆ ವರದಿ ಹೇಳಿದ್ದೇ ತರಗತಿಯಲ್ಲಿ ನಡೆಯಿತು ಎನ್ನಲಾಗದು. ತಕಲಿ, ಚರಕದ ಅವಧಿಗಳು ವೇಳಾಪಟ್ಟಿಯಿಂದ ಯಾವಾಗ ಮರೆಯಾದವು ಎಂಬುದಕ್ಕೆ ಉತ್ತರ ಸಿಗುವುದು ವೇಳಾಪಟ್ಟಿಯಲ್ಲೇ. 1956ಕ್ಕೆ ಮೊದಲು ಕನ್ನಡ ನಾಡು ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಎಂಬ ಬೇರೆಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಜಿಲ್ಲೆಯ ಹೆಸರು ತಪ್ಪದೆ ಬರೆಯಿರಿ.

ಟಿಸಿಎಚ್ (ಪ್ರಾಥಮಿಕ ಶಿಕ್ಷಕರ ತರಬೇತಿಯ ಹಳೆಯ ಪ್ರಮಾಣಪತ್ರ ಕೋರ್ಸ್) ಕಾಲದ ಪಾಠ ಟಿಪ್ಪಣಿ ಪುಸ್ತಕಗಳಿದ್ದರೆ ಇನ್ನೂ ಒಳ್ಳೆಯದು. ಪೀಠಿಕೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂಬ, ಜರ್ಮನ್ ಶಿಕ್ಷಣ ಚಿಂತಕ ಹರ್ಬಾರ್ಟ್ ಹೆಸರಿನ ಪಾಠದ ಹಂತಗಳು ಎಷ್ಟು ಕಾಲ ಉಳಿದವು ಎಂಬುದಕ್ಕೆ, ಅಂಚಿನಲ್ಲಿ ಮೇಲ್ವಿಚಾರಕರು ಕೆಂಪು ಶಾಯಿಯಲ್ಲಿ ಬರೆದ ಒಂದು ಸಾಲೂ ಸಾಕ್ಷಿಯೇ.

ಇಡೀ ಪುಸ್ತಕ ಬೇಡ. ಮುಖಪುಟ, ಅದರ ಹಿಂಬದಿ, ವಿಷಯ ಮತ್ತು ಅಂಕಗಳ ಪಟ್ಟಿ, ವೇಳಾಪಟ್ಟಿ, ಇಷ್ಟನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ. ಹಿಂಬದಿ ಬಿಟ್ಟರೆ ಮರುಮುದ್ರಣದ ವರ್ಷವನ್ನೇ ಜಾರಿಯ ವರ್ಷವೆಂದು ತಿಳಿಯುವ ತಪ್ಪಾಗುತ್ತದೆ. ಈ ಕೆಲಸದಲ್ಲಿ ಅತಿ ಹೆಚ್ಚು ಎಡವುವುದು ಅಲ್ಲಿಯೇ. ಪುಸ್ತಕ ಬಳಸಿದವರ ಪ್ರಮಾಣಪತ್ರದ ವರ್ಷವೂ ಸಾಲದು, ಅವರು ತರಬೇತಿಗೆ ಸೇರಿದ ವರ್ಷ ಬೇಕು. ಹೊಲಿಗೆ ಬಿಟ್ಟ ಪುಸ್ತಕವನ್ನು ಒತ್ತಿ ಅಗಲಿಸಬೇಡಿ, ಮೇಲಿನಿಂದ ಫೋಟೋ ತೆಗೆದರೆ ಸಾಕು. ವ್ಯಕ್ತಿಗಳ ಹೆಸರನ್ನು ಮುಚ್ಚಿ ಕಳಿಸಿ.