ದುಡ್ಡಿನ ಚಿಂತೆ: ಇವತ್ತು ರಾತ್ರಿ ಸಾಲ ಸಲಹೆಗಾರರನ್ನು ಕೇಳಿ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಕೆಲಸ ಹೋದವರು, ಸಂಬಳ ಕಡಿತ ಆದವರು, ಸಾಲದಲ್ಲಿ ಸಿಕ್ಕಿಕೊಂಡವರು ಈ ಗುಂಪಿನಲ್ಲಿ ತುಂಬ ಜನ ಇದ್ದೀರಿ. ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನಮ್ಮ ಸದಸ್ಯೆ 8ರಿಂದ 10ರವರೆಗೆ ಉತ್ತರ ಕೊಡುತ್ತಾರೆ. ಬ್ಯಾಂಕಿನ ಹೆಸರು, ಫೋನ್ ನಂಬರ್ ಹಾಕಬೇಡಿ. ಫಾರ್ವರ್ಡ್ ಬೇಡ.

ಹೊಸ ಕನ್ನಡಕ: ಮೇಡಂ, ಮೂರು ಸಾಲ ಇವೆ. ಸ್ವಲ್ಪ ಉಳಿತಾಯವೂ ಇದೆ. ಅದನ್ನು ಮುರಿದು ಸಾಲ ತೀರಿಸಲೇ? ಯಾವುದನ್ನು ಮೊದಲು?

ಸಲಹೆಗಾರ್ತಿ: ಉಳಿತಾಯಕ್ಕೆ ಬರುವ ಬಡ್ಡಿ, ಸಾಲಕ್ಕೆ ಹೋಗುವ ಬಡ್ಡಿ ಎರಡನ್ನೂ ಪಕ್ಕಪಕ್ಕ ಬರೆಯಿರಿ. ಕ್ರೆಡಿಟ್ ಕಾರ್ಡಿಗೆ ತಿಂಗಳಿಗೆ ನೂರಕ್ಕೆ 3 ಹೋಗುತ್ತಿದ್ದರೆ, ಅದು ವರ್ಷಕ್ಕೆ 36 ಅಲ್ಲ. ಬಡ್ಡಿಗೆ ಬಡ್ಡಿ ಸೇರಿ ಸುಮಾರು 42.6 ಆಗುತ್ತದೆ. ಅಷ್ಟು ಕೊಡುವ ಉಳಿತಾಯ ಎಲ್ಲೂ ಇಲ್ಲ. ಒಂದು ತಿಂಗಳ ಮನೆ ಖರ್ಚು ಎತ್ತಿಟ್ಟು, ಮಿಕ್ಕದ್ದನ್ನು ಬಡ್ಡಿ ಜಾಸ್ತಿ ಇರುವ ಸಾಲಕ್ಕೆ ಕಟ್ಟಿ. ಪೂರ್ತಿ ಬರಿದು ಮಾಡಿದರೆ ಮುಂದಿನ ಜ್ವರಕ್ಕೆ ಅದೇ ಕಾರ್ಡ್ ಉಜ್ಜುತ್ತೀರಿ.

ಮೋಡ ಕವಿದಿದೆ: ಕಾರ್ಡಿಗೆ ಪ್ರತಿ ತಿಂಗಳೂ ಮಿನಿಮಮ್ ಕಟ್ಟುತ್ತಿದ್ದೇನೆ. ಒಂದು ಸಲವೂ ತಪ್ಪಿಸಿಲ್ಲ. ಬಾಕಿ ಮಾತ್ರ ಇದ್ದಲ್ಲೇ ಇದೆ. ನನಗೇನೋ ಮೋಸ ಆಗುತ್ತಿದೆ ಅನಿಸುತ್ತದೆ.

ಸಲಹೆಗಾರ್ತಿ: ಮೋಸ ಅಲ್ಲ, ಲೆಕ್ಕವೇ ಹಾಗಿದೆ. ಬಡ್ಡಿ ತಿಂಗಳಿಗೆ ನೂರಕ್ಕೆ 3, ಮಿನಿಮಮ್ ಬಾಕಿಯ ನೂರಕ್ಕೆ 5 ಅಂತ ಇಟ್ಟುಕೊಳ್ಳಿ. ಹೊಸದಾಗಿ ಏನೂ ಕೊಳ್ಳದಿದ್ದರೂ ಬಾಕಿ ಅರ್ಧಕ್ಕೆ ಇಳಿಯಲು 32 ತಿಂಗಳು ಬೇಕು. ಯಾಕೆಂದರೆ ಬಾಕಿ ಇಳಿದ ಹಾಗೆ ಮಿನಿಮಮ್ ಕೂಡ ಇಳಿಯುತ್ತದೆ. ನೀವೂ ಕಮ್ಮಿ ಕಟ್ಟುತ್ತೀರಿ. ಮೊದಲ ತಿಂಗಳು ಎಷ್ಟು ಕಟ್ಟಿದಿರೋ ಅಷ್ಟನ್ನೇ ಬಿಡದೆ ಪ್ರತಿ ತಿಂಗಳು ಕಟ್ಟಿದರೆ 30 ತಿಂಗಳಲ್ಲಿ ಸಾಲವೇ ಮುಗಿಯುತ್ತದೆ. ಬಿಲ್ಲಿನಲ್ಲಿ ಮಿನಿಮಮ್ ಅಂತ ಬರೆದ ಅಂಕಿಯನ್ನು ಇನ್ನು ಮುಂದೆ ನೋಡಲೇಬೇಡಿ.

ಗುಬ್ಬಚ್ಚಿ: ನನ್ನದು ಬೇರೆ ತರಹದ ಪ್ರಶ್ನೆ. ಸ್ನೇಹಿತೆಯ ಸಾಲಕ್ಕೆ ಜಾಮೀನು ಹಾಕಿದ್ದೆ. ಅವಳು ಕಟ್ಟುವುದು ನಿಲ್ಲಿಸಿದ್ದಾಳೆ. ಈಗ ನನಗೆ ಫೋನ್ ಬರುತ್ತಿದೆ. ಅವಳ ಜೊತೆ ಮಾತಾಡಲೂ ಸಂಕೋಚ.

ಸಿಹಿಸುದ್ದಿ: ಅಮೆರಿಕದ ದೊಡ್ಡ ಹೂಡಿಕೆದಾರ ವಾರೆನ್ ಬಫೆಟ್ ಅವರ ಬಂಗಾರದ ಸೂತ್ರ!! 50-30-20. ಸಂಬಳದಲ್ಲಿ 50 ಅಗತ್ಯಕ್ಕೆ, 30 ಆಸೆಗೆ, 20 ಉಳಿತಾಯಕ್ಕೆ. ಇದನ್ನು ಪಾಲಿಸಿದವರಿಗೆ ಜೀವನದಲ್ಲಿ ಸಾಲವೇ ಬರುವುದಿಲ್ಲ. ಎಲ್ಲರಿಗೂ ಹಂಚಿ.

ಸಲಹೆಗಾರ್ತಿ: ಅದು ಬಫೆಟ್ ಹೇಳಿದ್ದಲ್ಲ. ಅಮೆರಿಕದಲ್ಲಿ ಆಗ ಕಾನೂನು ಪ್ರಾಧ್ಯಾಪಕಿಯಾಗಿದ್ದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು 2005ರಲ್ಲಿ ಜನಪ್ರಿಯ ಮಾಡಿದ್ದು. ಹೆಸರಿನಲ್ಲಿ ವಾರೆನ್ ಇದೆ ಅಂತ ಯಾರೋ ಬಫೆಟ್‌ಗೆ ಅಂಟಿಸಿರಬೇಕು. ಬಾಡಿಗೆ ಮತ್ತು ಔಷಧಿಗೇ ಸಂಬಳದ 80 ಭಾಗ ಹೋಗುವವರ ಮುಂದೆ ಇದನ್ನು ಹಿಡಿದರೆ ಅವರಿಗೆ ಉಳಿಯುವುದು ಅವಮಾನ ಒಂದೇ. ಅಂಥವರು ನಾಲ್ಕು ವಾರ ಸುಮ್ನೆ ಖರ್ಚು ಬರೆದಿಡಲಿ, ಸೂತ್ರ ಆಮೇಲೆ.

ನೇರ ಮಾತು: ಸಾಲ ಮಾಡುವಾಗ ಬುದ್ಧಿ ಎಲ್ಲಿತ್ತು ಅಂತ ಯಾರೂ ಕೇಳುವುದಿಲ್ಲವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ರಾತ್ರಿ ಪಾಳಿ: ಹಾಸಿಗೆಯನ್ನೇ ಎಳೆದುಕೊಂಡು ಹೋದರೆ ಕಾಲು ಎಲ್ಲಿ ಇಡಬೇಕು ಸಾರ್? ನನ್ನ ಸಂಬಳ ಅರ್ಧ ಮಾಡಿದವರು ಬಾಡಿಗೆ ಅರ್ಧ ಮಾಡಲಿಲ್ಲ.

ಹೆಸರು ಬೇಡ: ಇದನ್ನು ಯಾರಿಗೂ ಹೇಳಿಲ್ಲ. ಕೆಲಸ ಹೋಗಿ ಐದು ತಿಂಗಳಾಯಿತು. ಹೆಂಡತಿಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಡುತ್ತೇನೆ. ಲೈಬ್ರರಿಯಲ್ಲಿ ಕೂತು ಸಂಜೆ ವಾಪಸ್ ಬರುತ್ತೇನೆ. ಒಂದನೇ ತಾರೀಖು ಅವಳ ಖಾತೆಗೆ 'ಸಂಬಳ' ಹಾಕುತ್ತೇನೆ. ಮೊದಲು ಉಳಿತಾಯದಿಂದ ಹಾಕಿದೆ, ಆಮೇಲೆ ಕಾರ್ಡಿನಿಂದ ನಗದು ತೆಗೆದು. ಈಗ ಲೋನ್ ಆ್ಯಪ್. ಲೆಕ್ಕದಲ್ಲಿ ನಾನು ಚುರುಕು ಇದ್ದವನು. ಈಗ ಒಟ್ಟು ಸಾಲ ಎಷ್ಟು ಅಂತ ಕೂಡಿಸಲೂ ಆಗುತ್ತಿಲ್ಲ. ಒಂದೊಂದು ಸಲ, ನಾನಿಲ್ಲದಿದ್ದರೆ ಇನ್ಶೂರೆನ್ಸ್ ದುಡ್ಡಾದರೂ ಮನೆಗೆ ಬರುತ್ತಿತ್ತು ಅನಿಸುತ್ತದೆ. ಯಾವ ಸಾಲ ಮೊದಲು ತೀರಿಸಬೇಕು ಹೇಳಿ, ಅಷ್ಟು ಸಾಕು.

ಸಲಹೆಗಾರ್ತಿ: ಉಳಿದವರು ದಯವಿಟ್ಟು ಕಾಯಿರಿ.

ನಿಮ್ಮ ಕೊನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದರ ಹಿಂದಿನ ಸಾಲು ಮೊದಲು. ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಾಯುವ ಯೋಚನೆ ಬರುತ್ತಿದೆಯಾ? ಬರುತ್ತಿದ್ದರೆ ಇವತ್ತು ರಾತ್ರಿ ಒಬ್ಬರೇ ಇರಬೇಡಿ. ನಂಬುವ ಒಬ್ಬರಿಗೆ ಈಗಲೇ ಫೋನ್ ಮಾಡಿ. ಯಾರೂ ಇಲ್ಲ ಅನಿಸಿದರೆ ಆತ್ಮಹತ್ಯೆ ತಡೆ ಸಹಾಯವಾಣಿಗೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಇನ್ಶೂರೆನ್ಸ್ ಲೆಕ್ಕ ನಾನು ಮಾಡುವುದಿಲ್ಲ. ನಿಮ್ಮ ಮನೆಯವರೂ ಅದನ್ನು ಕೇಳಿಲ್ಲ.

ಕೂಡಿಸಲು ಆಗುತ್ತಿಲ್ಲ ಅಂದಿರಿ. ನೀವು ದಡ್ಡರಾಗಿಲ್ಲ. ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ, ಅವರಿಗೆ ಬುದ್ಧಿಪರೀಕ್ಷೆಯಲ್ಲಿ ಕಮ್ಮಿ ಅಂಕ ಬಂತು. ಕಟಾವಾಗಿ ದುಡ್ಡು ಬಂದ ಮೇಲೆ ಅದೇ ರೈತರಿಗೆ ಜಾಸ್ತಿ ಬಂತು. ತಲೆ ಅದೇ, ಮೇಲಿದ್ದ ಹೊರೆ ಇಳಿದಿತ್ತು ಅಷ್ಟೇ. ನಿಮ್ಮ ತಲೆ ಮೇಲೆ ಸಾಲದ ಜೊತೆಗೆ ಒಂದು ನಾಟಕವೂ ಇದೆ.

ಆ ನಾಟಕದ ಖರ್ಚು ನೋಡಿ. ಮನೆಯಲ್ಲಿ ಗೊತ್ತಿದ್ದರೆ ಎರಡನೇ ತಿಂಗಳಿಗೇ ಖರ್ಚು ಇಳಿಯುತ್ತಿತ್ತು. ಗೊತ್ತಿಲ್ಲದ್ದರಿಂದ ಹಳೇ ಸಂಬಳದ ಲೆಕ್ಕದಲ್ಲೇ ನಡೆದಿದೆ. ಆ ವ್ಯತ್ಯಾಸ ಅಷ್ಟನ್ನೂ ನೀವು ಸಾಲ ತಂದು ತುಂಬಿದ್ದೀರಿ. ನನ್ನ ಹತ್ತಿರ ಬರುವವರಲ್ಲಿ ಇದನ್ನು ತುಂಬ ನೋಡಿದ್ದೇನೆ. ಬಡ್ಡಿಗಿಂತ ಗುಟ್ಟು ಅವರನ್ನು ಬೇಗ ಮುಳುಗಿಸುತ್ತದೆ.

ಹೆಂಡತಿಗೆ ಹೇಳಿ. ಜಗಳದ ನಡುವೆ ಬೇಡ, ಯಾರಾದರೂ ನಿದ್ದೆಗಣ್ಣಿನಲ್ಲಿ ಇರುವಾಗಲೂ ಬೇಡ. "ಕೆಲಸ ಹೋಗಿದೆ. ಐದು ತಿಂಗಳಾಯಿತು. ಹೇಳಲು ಧೈರ್ಯ ಬರಲಿಲ್ಲ." ಇಷ್ಟೇ ಮಾತು. ಆಮೇಲೆ ಸುಮ್ಮನಿರಿ. ಕೆಲಸ ಹೋದದ್ದಕ್ಕಿಂತ ಮುಚ್ಚಿಟ್ಟದ್ದಕ್ಕೆ ಸಿಟ್ಟು ಬರುತ್ತದೆ. ಬರಲಿ, ಅದಕ್ಕೆ ಸಮರ್ಥನೆ ಕೊಡಬೇಡಿ. ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಗೆ ಕೊಡಬೇಕು, ಎಷ್ಟು, ಬಡ್ಡಿ ಎಷ್ಟು, ಯಾವತ್ತು. ನಿಮಗೆ ಕೂಡಿಸಲು ಆಗದಿದ್ದರೆ ಅವರು ಕೂಡಿಸಲಿ.

ಈಗ ನಿಮ್ಮ ಪ್ರಶ್ನೆ. ಮೊದಲು ಊಟ, ಬಾಡಿಗೆ, ಕರೆಂಟ್, ಔಷಧಿ. ಆಮೇಲೆ ಮನೆ, ವಾಹನ ಏನಾದರೂ ಒತ್ತೆ ಇದ್ದರೆ ಆ ಸಾಲ. ಕಾರ್ಡ್ ಮತ್ತು ಆ್ಯಪ್ ಅದರ ನಂತರ. ಜೋರಾಗಿ ಕೂಗುವವರಿಗೆ ಮೊದಲು ಕೊಡುವುದು ಎಲ್ಲರೂ ಮಾಡುವ ತಪ್ಪು. ಕಂತು ತಪ್ಪುವ ಮುಂಚೆಯೇ ಸಾಲ ಕೊಟ್ಟವರಿಗೆ ಬರೆದು, ಕೆಲಸ ಹೋಗಿದೆ, ಕಂತು ಇಳಿಸಿ ಅಂತ ಕೇಳಿ. ಬರವಣಿಗೆಯಲ್ಲೇ ಇರಲಿ. ಆ್ಯಪ್‌ಗೆ ಕೊಟ್ಟ ಕಾಂಟ್ಯಾಕ್ಟ್, ಫೋಟೋ ಅನುಮತಿ ತೆಗೆದುಹಾಕಿ. ಬೆದರಿಕೆ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟು ಪೊಲೀಸರಿಗೆ ದೂರು ಕೊಡಿ. ಮುಂದಿನ ಒಂದನೇ ತಾರೀಖಿಗೆ ಹೊಸ ಸಾಲ ಬೇಡ.

ಓದಿದ ಮೇಲೆ ಒಂದು ಅಕ್ಷರವಾದರೂ ಇಲ್ಲಿ ಬರೆಯಿರಿ.

ಸಿಹಿಸುದ್ದಿ: ಪಾಸಿಟಿವ್ ಆಗಿರಿ ಬ್ರದರ್. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು "ನಾನು ಶ್ರೀಮಂತ" ಅಂತ 21 ಸಲ ಹೇಳಿ. 21 ದಿನದಲ್ಲಿ ಹಣ ತಾನಾಗಿ ಬರುತ್ತದೆ. ನನಗೆ ಬಂದ ಮೆಸೇಜ್.

ಸಲಹೆಗಾರ್ತಿ: ದಯವಿಟ್ಟು ಇದನ್ನು ಅಳಿಸಿ. ಮೇಲೆ ಅವರು ಏನು ಬರೆದಿದ್ದಾರೆ ಓದಿದಿರಾ? 22ನೇ ದಿನ ಹಣ ಬರದಿದ್ದಾಗ ತಪ್ಪು ತನ್ನದೇ ಅಂದುಕೊಳ್ಳುವವರು ಕನ್ನಡಿ ಮುಂದೆ ನಿಂತವರೇ. ಮೆಸೇಜ್ ಕಳಿಸಿದವರಲ್ಲ.

ನೇರ ಮಾತು: ಐದು ತಿಂಗಳು ಹೆಂಡತಿಗೆ ಸುಳ್ಳು ಹೇಳಿದವರಿಗೆ ಇಷ್ಟು ಉಪಚಾರ. ನ್ಯಾಯವಾಗಿ ಕಟ್ಟುವವರಿಗೆ ಎರಡು ಸಾಲು ಉತ್ತರ.

ರಾತ್ರಿ ಪಾಳಿ: ನಿಮಗೆ ಏನು ಅಂತ ಹೇಳಲಿ. ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರಿ ಸಾರ್.

ನೇರ ಮಾತು: ನಿರ್ವಾಹಕರೇ, ಈ ಭಾಷೆ ನೋಡಿ.

ಮೋಡ ಕವಿದಿದೆ: ಇಬ್ಬರೂ ಬೇರೆ ಕಡೆ ಹೋಗಿ ಜಗಳ ಆಡಿ.

ತೆರೆದ ಕಿಟಕಿ: ಮೇಡಂ, ನನಗೂ ನಾಲ್ಕು ಸಾಲ. ಯಾವುದು ಮೊದಲು?

ಸಲಹೆಗಾರ್ತಿ: ಬಡ್ಡಿ ಜಾಸ್ತಿ ಇರುವುದು. ಮೇಲೆ ಇದೆ.

ಲೆಕ್ಕದ ಮೇಷ್ಟ್ರು: ಅದೇ ಸರಿ. ಚಿಕ್ಕ ಸಾಲ ಮೊದಲು ತೀರಿಸಿ ಅನ್ನುವವರಿಗೆ ಗಣಿತ ಗೊತ್ತಿಲ್ಲ.

ರಾತ್ರಿ ಪಾಳಿ: ನಾನು ಚಿಕ್ಕದನ್ನೇ ಮೊದಲು ತೀರಿಸಿದೆ. ಐದು ಕಡೆಯಿಂದ ಬರುತ್ತಿದ್ದ ಫೋನ್ ಮೂರಕ್ಕಿಳಿಯಿತು. ನಿದ್ದೆ ಬಂತು. ನಿದ್ದೆ ನಿಮ್ಮ ಗಣಿತದಲ್ಲಿ ಯಾವ ಕಾಲಮ್ಮಿನಲ್ಲಿದೆ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು: ಹೆಚ್ಚುವರಿ ಬಡ್ಡಿ ಕಟ್ಟಿದಿರಲ್ಲ, ಅದೇ ಕಾಲಮ್.

ಸಲಹೆಗಾರ್ತಿ: ಕಾಗದದ ಮೇಲೆ ಮೇಷ್ಟ್ರು ಸರಿ. ಅರ್ಧಕ್ಕೆ ಬಿಟ್ಟುಬಿಡುವ ಸ್ವಭಾವದವರಿಗೆ ರಾತ್ರಿ ಪಾಳಿಯವರ ದಾರಿ ಸರಿ. ಸಾಕು.

ಒಂಟಿ ಚಪ್ಪಲಿ: ಟ್ರೇಡಿಂಗ್‌ನಲ್ಲಿ ಉಳಿತಾಯದ ಅರ್ಧ ಹೋಯಿತು. ಸಾಲ ತೆಗೆದು ಒಂದೇ ಒಂದು ಸಲ ಆಡಿ ವಾಪಸ್ ತೆಗೆದು ನಿಲ್ಲಿಸಿಬಿಡುತ್ತೇನೆ.

ಸಲಹೆಗಾರ್ತಿ: ಬೇಡ. ಅರ್ಧ ಹೋದದ್ದು ವಾಪಸ್ ಬರಬೇಕಾದರೆ ಉಳಿದದ್ದು ಎರಡರಷ್ಟಾಗಬೇಕು. ಕಾನೆಮನ್ ಮತ್ತು ಟ್ವರ್ಸ್ಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದಿದ್ದಾರೆ, ನಷ್ಟದಲ್ಲಿರುವ ಮನುಷ್ಯ ಬೇರೆ ಹೊತ್ತಿನಲ್ಲಿ ಮುಟ್ಟದ ಅಪಾಯಕ್ಕೆ ಕೈ ಹಾಕುತ್ತಾನೆ ಅಂತ. "ಒಂದೇ ಒಂದು ಸಲ" ಅನ್ನುತ್ತಿರುವುದು ಆ ನೋವು. ಆ್ಯಪ್ ಅಳಿಸಿ.

ಹೂವಿನ ಕುಂಡ: ಸಾಲ ಮಂಜೂರಾಗಿದೆ, ಮೊದಲು ಪ್ರೊಸೆಸಿಂಗ್ ಫೀ ಕಳಿಸಿ ಅನ್ನುತ್ತಿದ್ದಾರೆ. ಕಳಿಸಲೇ?

ಸಲಹೆಗಾರ್ತಿ: ಕಳಿಸಬೇಡಿ. ಬ್ಲಾಕ್ ಮಾಡಿ.

ಗುಬ್ಬಚ್ಚಿ: ಮೇಡಂ, ಜಾಮೀನಿನ ಪ್ರಶ್ನೆ ಮೇಲಿದೆ.

ಸಿಹಿಸುದ್ದಿ: ಎಲ್ಲ ಸಾಲಗಳನ್ನು ಒಂದೇ ಸಾಲ ಮಾಡಿಕೊಡುವ ಒಬ್ಬರು ಗೊತ್ತು. ಬರೀ 12 ಪರ್ಸೆಂಟ್, ಫ್ಲಾಟ್. ಬೇಕಾದವರು ಮೆಸೇಜ್ ಮಾಡಿ.

ಸಲಹೆಗಾರ್ತಿ: ಫ್ಲಾಟ್ ಅಂದರೆ ನೀವು ಅಸಲು ತೀರಿಸುತ್ತಾ ಹೋದರೂ ಬಡ್ಡಿ ಮೊದಲ ದಿನದ ಪೂರ್ತಿ ಅಸಲಿನ ಮೇಲೇ. ತಿಂಗಳ ಕಂತಿನಲ್ಲಿ ತೀರಿಸುವ ಎರಡು ವರ್ಷದ ಸಾಲಕ್ಕೆ ವರ್ಷಕ್ಕೆ 12 ಫ್ಲಾಟ್ ಅಂದರೆ ನಿಜವಾದ ದರ ವರ್ಷಕ್ಕೆ ಸುಮಾರು 21.6. ನಿರ್ವಾಹಕರೇ, ಫಾರ್ವರ್ಡ್ ಬೇಡ ಅಂತ ಹಾಕಿದ್ದು ಯಾರಿಗೆ?

ಸಿಹಿಸುದ್ದಿ: ಒಳ್ಳೆಯದು ಮಾಡಲು ಹೋದರೆ ಬೈಗುಳ. ನಾನು ಗುಂಪು ಬಿಡುತ್ತೇನೆ.

ರಾತ್ರಿ ಪಾಳಿ: ಶುಭವಾಗಲಿ.

ಸಲಹೆಗಾರ್ತಿ: ಹೆಸರು ಬೇಡ ಅವರೇ, ಇದ್ದೀರಾ?

ಹೊಸ ಕನ್ನಡಕ: ಒಂದು ತಿಂಗಳ ಖರ್ಚು ಅಂದಿರಿ, ಮೂರು ತಿಂಗಳದ್ದು ಇಟ್ಟುಕೊಳ್ಳಬಾರದಾ?

ಸಲಹೆಗಾರ್ತಿ: ಕಾರ್ಡ್ ತೀರಿದ ಮೇಲೆ ಇಟ್ಟುಕೊಳ್ಳಿ. ಹೆಸರು ಬೇಡ ಅವರೇ?

ಹೆಸರು ಬೇಡ: ಓದಿದೆ. ಎರಡು ಸಲ ಓದಿದೆ. ನೀವು ಕೇಳಿದ್ದಕ್ಕೆ ಉತ್ತರ, ಹೌದು, ಬರುತ್ತಿತ್ತು. ತಮ್ಮನಿಗೆ ಫೋನ್ ಮಾಡಿದೆ. ಹೊರಟಿದ್ದಾನೆ.

ಸಲಹೆಗಾರ್ತಿ: ಅವರು ಬರುವವರೆಗೆ ಇಲ್ಲೇ ಮಾತಾಡುತ್ತಿರಿ. ನಾನು ಇರುತ್ತೇನೆ.

ನಿರ್ವಾಹಕರು: 10 ಗಂಟೆ ಆಯಿತು. ಹೊಸ ಪ್ರಶ್ನೆ ಬೇಡ.

ನೇರ ಮಾತು: ನನ್ನ ಮಾತಿನಿಂದ ನೋವಾಗಿದ್ದರೆ... ಇರಲಿ. ಆ ಸಹೋದರ ಸುರಕ್ಷಿತವಾಗಿರಲಿ.

ಹೆಸರು ಬೇಡ: ತಮ್ಮ ಬಂದ. ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದೇವೆ. ಹಾಳೆ, ಪೆನ್ನು ಅವನೇ ತಂದಿದ್ದಾನೆ. ಈ ರಾತ್ರಿ ಇಲ್ಲೇ ಉಳಿಯುತ್ತಾನಂತೆ. ಅವಳಿಗೆ ನಾಳೆ ಬೆಳಿಗ್ಗೆ ಹೇಳುತ್ತೇನೆ.

ಸಲಹೆಗಾರ್ತಿ: ಬ್ಯಾಗ್ ಹಾಕಿಕೊಳ್ಳುವ ಮುಂಚೆ ಹೇಳಿ.

ಗುಬ್ಬಚ್ಚಿ: ಪರವಾಗಿಲ್ಲ ಮೇಡಂ, ನನ್ನದು ನಾಳೆ ಕೇಳುತ್ತೇನೆ.

ಬೆಳ್ಳಿ ಮೋಡ: ಈಗ ತಾನೇ ಗುಂಪು ಸೇರಿದೆ. ಮೇಡಂ, ನನಗೆ ಮೂರು ಸಾಲ ಇದೆ, ಯಾವುದು ಮೊದಲು ತೀರಿಸಬೇಕು?