ಅಮ್ಮನ ವಸಡಲ್ಲಿ ರಕ್ತ ಬರ್ತಿದೆ, ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಇನ್ನೂ ಲೂಸ್ ಆಗುತ್ತಾ?

ಬೆಣ್ಣೆದೋಸೆ_ಊರವಳು:
ಎಲ್ರಿಗೂ ನಮಸ್ಕಾರ. ನಮ್ಮಮ್ಮಂಗೆ 58 ವರ್ಷ, ದಾವಣಗೆರೆಲಿ ಇರೋದು, ಹತ್ತು ವರ್ಷದಿಂದ ಶುಗರ್ ಇದೆ. ಆರು ತಿಂಗಳಿಂದ ಹಲ್ಲುಜ್ಜುವಾಗ ರಕ್ತ ಬರುತ್ತೆ, ಬಾಯಿ ವಾಸನೆ, ಕೆಳಗಡೆ ಮುಂದಿನ ಎರಡು ಹಲ್ಲು ಸ್ವಲ್ಪ ಅಲ್ಲಾಡ್ತಿದೆ. ನೋವಿಲ್ವಲ್ಲ ಅಂತ ಡಾಕ್ಟ್ರ ಹತ್ರ ಬರೋಕೇ ಒಪ್ತಿರ್ಲಿಲ್ಲ, ಹೋದ ವಾರ ಹಠ ಮಾಡಿ ಕರ್ಕೊಂಡ್ ಹೋದೆ, ಅವ್ರು ಎಕ್ಸ್‌ರೇ ತೆಗೆದು ಪಾಕೆಟ್ 5-6 ಎಂಎಂ ಇದೆ ಡೀಪ್ ಕ್ಲೀನಿಂಗ್ ಮಾಡ್ಬೇಕು ಎರಡ್ಮೂರು ಸಲ ಬನ್ನಿ ಅಂದ್ರು, ಪಾಕೆಟ್ ಅಂದ್ರೇನು ಅಂತ ನಾನು ಕೇಳೋಷ್ಟರಲ್ಲಿ ಮುಂದಿನ ಪೇಷೆಂಟ್‌ನ ಕರೆದಾಗಿತ್ತು. ಮನೆಗೆ ಬಂದ್ರೆ ದೊಡ್ಡಮ್ಮ, ನಾನು ಕ್ಲೀನ್ ಮಾಡಿಸಿದ್ಮೇಲೇ ಕಣೇ ಹಲ್ಲು ಸಂದಿ ಬಿಟ್ಟಿದ್ದು, ಮಾಡಿಸ್ಬೇಡ ಅಂತ ಹೇಳಿ ಈಗ ಅಮ್ಮ ಉಪ್ಪು ಅರಿಶಿನ ಹಚ್ಕೊಂಡು ಕೂತಿದಾರೆ. ಯಾರ ಮಾತು ನಂಬ್ಲಿ? ತಿಳಿದೋರು ಹೇಳಿ ಪ್ಲೀಸ್.

ವಸಡು_ವೈದ್ಯ:
ಮೇಡಂ, ನಾನು ವಸಡಿನ ಚಿಕಿತ್ಸೆನೇ ಮಾಡೋನು, ಈ ಪ್ರಶ್ನೆ ವಾರಕ್ಕೆ ನಾಲ್ಕು ಸಲ ಆದ್ರೂ ಬರುತ್ತೆ. ಮೊದ್ಲು ಪಾಕೆಟ್. ಹಲ್ಲಿಗೂ ವಸಡಿಗೂ ಮಧ್ಯೆ ಒಂದು ಸಣ್ಣ ಸಂದಿ ಎಲ್ರಿಗೂ ಇರುತ್ತೆ, ಗೆರೆ ಹಾಕಿರೋ ಸಣ್ಣ ಕಡ್ಡಿ ಇಳಿಸಿ ಅಳೀತೀವಿ, 3 ಎಂಎಂ ತನಕ ನಾರ್ಮಲ್. 5-6 ಅಂದ್ರೆ ಅಲ್ಲಿ ಹಲ್ಲನ್ನ ಹಿಡ್ಕೊಂಡಿರೋ ಮೂಳೆ ಸವೀತಾ ಬಂದಿರಬಹುದು, ಅದನ್ನ ನೋಡೋಕೇ ಎಕ್ಸ್‌ರೇ ತೆಗೆದಿರೋದು. ಅಷ್ಟು ಆಳಕ್ಕೆ ಬ್ರಷ್ ಹೋಗಲ್ಲ, ಉಪ್ಪು ಅರಿಶಿನನೂ ಹೋಗಲ್ಲ. ಪಾಚಿ ಕೆಲವೇ ದಿನದಲ್ಲಿ ಕಲ್ಲಿನ ಥರ ಗಟ್ಟಿಯಾಗುತ್ತೆ, ಆಮೇಲೆ ಎಷ್ಟು ಉಜ್ಜಿದ್ರೂ ಬರಲ್ಲ. ಕೆಳಗಿನ ಮುಂದಿನ ಹಲ್ಲಿನ ಹಿಂದೆನೇ ಜೊಲ್ಲು ಬರೋ ಗ್ರಂಥಿ ಬಾಯಿ ತೆರೆಯೋದು, ಅದಕ್ಕೇ ಅಲ್ಲಿ ಜಾಸ್ತಿ ಕಟ್ಟೋದು.

ನಿಮ್ಮ ದೊಡ್ಡಮ್ಮ ಕಂಡಿದ್ದು ನಿಜಾನೇ, ಕಾರಣ ಮಾತ್ರ ಬೇರೆ. ಸಂದೀಲಿ ತುಂಬಿಕೊಂಡಿದ್ದ ಆ ಕಲ್ಲು ಹೋದಾಗ, ಊದಿದ್ದ ವಸಡು ಇಳಿದಾಗ, ಮೊದ್ಲೇ ಆಗಿದ್ದ ಸವೆತ ಕಣ್ಣಿಗೆ ಬೀಳುತ್ತೆ. ಒಂದೆರಡು ವಾರ ತಣ್ಣೀರು ಕುಡಿದ್ರೆ ಜುಮ್ ಅನ್ನುತ್ತೆ. ಮಷೀನ್ ಹಲ್ಲನ್ನ ಕೆರೆಯಲ್ಲ, ಅದ್ರ ತುದಿ ಸೆಕೆಂಡಿಗೆ 25,000ಕ್ಕೂ ಹೆಚ್ಚು ಸಲ ಕಂಪಿಸಿ ಕಲ್ಲನ್ನ ಬಿಡಿಸುತ್ತೆ, ನೀರು ಚಿಮ್ತಾ ಇರುತ್ತೆ. ಡೀಪ್ ಕ್ಲೀನಿಂಗ್‌ಗೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಬೇರಿನ ಮೇಲಿರೋದನ್ನೂ ತೆಗೀತಾರೆ, ಅದಕ್ಕೇ ಎರಡ್ಮೂರು ಸಲ. ಆಮೇಲೆ ಒಂದೂವರೆ ಎರಡು ತಿಂಗಳು ಬಿಟ್ಟು ಪಾಕೆಟ್ ಮತ್ತೆ ಅಳೀಬೇಕು, ಇಳೀದೇ ಇರೋ ಕಡೆ ಮಾತ್ರ ವಸಡು ಬಿಡಿಸಿ ಮಾಡೋ ಸರ್ಜರಿ ಯೋಚಿಸೋದು. ಹೋಗಿರೋ ಮೂಳೆ ಕ್ಲೀನಿಂಗಿಂದ ವಾಪಸ್ ಬರಲ್ಲ, ಇನ್ನೂ ಹೋಗೋದನ್ನ ತಡೀಬಹುದು. ಅಮ್ಮಂಗೆ ಇದನ್ನ ಮುಚ್ಚಿಡದೆ ಹೇಳಿ.

ಇನ್ನೊಂದು, ಶುಗರ್ ಇದ್ರೆ ವಸಡಿನ ಕಾಯಿಲೆ ಜೋರಾಗುತ್ತೆ, ವಸಡು ಕೆಟ್ಟಿದ್ರೆ ಶುಗರ್ ಹಿಡಿತಕ್ಕೆ ಬರೋದು ಕಷ್ಟ. ಚಿಕಿತ್ಸೆ ಆದ ಮೂರ್ನಾಲ್ಕು ತಿಂಗಳಿಗೆ, ಹಿಂದಿನ ಎರಡ್ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತಪರೀಕ್ಷೆ ಎಚ್‌ಬಿಎ1ಸಿ ಸರಾಸರಿ 0.4 ಪರ್ಸೆಂಟ್ ಪಾಯಿಂಟ್‌ನಷ್ಟು ಇಳಿಯುತ್ತೆ ಅಂತ ಅಧ್ಯಯನಗಳಲ್ಲಿ ಕಂಡಿದೆ.

ಧಾರವಾಡದಾಂವ:
ಅಕ್ಕಾರ, ತಡಾ ಮಾಡಬ್ಯಾಡ್ರಿ. ನಾ ಹದಿನೈದು ವರ್ಷ ಸಿಗರೇಟ್ ಸೇದೇನ್ರಿ, ವಸಡ್ಯಾಗ ಒಂದ್ ಹನಿ ರಕ್ತ ಬರ್ತಿದ್ದಿಲ್ಲ, ಎಲ್ಲಾ ಛಲೋ ಐತಿ ಅಂತ ತಿಳ್ಕೊಂಡಿದ್ದೆ, ಆದ್ರ ಹೊಗಿಯಿಂದ ರಕ್ತನಾಳ ಸಣ್ಣಾಗಿ ರಕ್ತ ಬರೂದ ಮುಚ್ಚಿ ಹೋಗಿರ್ತೈತಂತ. ರೊಟ್ಟಿ ಕಡಿಯೂ ಮುಂದ ದವಡಿ ಹಲ್ಲು ಅಲ್ಲಾಡಿದಾಗ ಹೋದೆ, ಎರಡು ತಗಸಬೇಕಾತ್ರಿ. ಉಳಿದದ್ದು ಡೀಪ್ ಕ್ಲೀನಿಂಗ್ ಮಾಡ್ಸಿ ಆರು ವರ್ಷಾತು, ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸ್ತೇನಿ, ಒಂದೂ ಬಿದ್ದಿಲ್ಲ. ನಮ್ಮಪ್ಪಗ ಐವತ್ತಕ್ಕ ಬಾಯಾಗ ಹಲ್ಲ ಇರಲಿಲ್ರಿ, ನೋವಿಲ್ಲ ನೋವಿಲ್ಲ ಅಂತನ ಎಲ್ಲಾ ಕಳಕೊಂಡ್ರು, ಅದನ್ನ ನೆನಸಿಕೊಂಡ್ರ ಇವತ್ತೂ ಸಂಕಟ ಆಗ್ತೈತಿ. ನಿಮ್ಮ ಅವ್ವಾರು ಎಲಿ ಅಡಿಕಿ ಜೋಡಿ ತಂಬಾಕ ಹಾಕ್ಕೋತಿದ್ರ ಅದನ್ನೂ ಡಾಕ್ಟರಿಗೆ ಹೇಳ್ರಿ.

ಮಲೆನಾಡ್_ಮಳೆ:
ದಾವಣಗೆರೆಲೇ ಬಾಪೂಜಿ ಡೆಂಟಲ್ ಕಾಲೇಜ್ ಇದ್ಯಲ್ಲ, ವಸಡಿಗೆ ಅಂತಾನೇ ಪೆರಿಯೊಡಾಂಟಿಕ್ಸ್ ವಿಭಾಗ ಇದೆ, ಎರಡನೇ ಅಭಿಪ್ರಾಯ ಬೇಕಿದ್ರೆ ಅಲ್ಲಿ ಕೇಳಿ. ಕಾಲೇಜ್‌ಗಳಲ್ಲಿ ಸಾಮಾನ್ಯವಾಗಿ ಖರ್ಚು ಕಮ್ಮಿ, ಅರ್ಧ ದಿನ ಕೂರೋ ತಾಳ್ಮೆ ಬೇಕು.

ಬೆಣ್ಣೆದೋಸೆ_ಊರವಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದ ಅಣ್ಣನ ಮೆಸೇಜ್ ಅಮ್ಮಂಗೆ ಓದಿ ಹೇಳ್ದೆ, ಸುಮ್ನೆ ಕೇಳಿಸ್ಕೊಂಡು ಗುರುವಾರ ಹೋಗೋಣ ಬಿಡು ಅಂದ್ರು. ಡಾಕ್ಟ್ರೇ, ಅವತ್ತು ಖಾಲಿ ಹೊಟ್ಟೇಲಿ ಹೋಗ್ಬೇಕಾ? ಬಿಪಿ ಮಾತ್ರೆನೂ ಇದೆ, ಆಮ್ಲೋಡಿಪಿನ್.

ವಸಡು_ವೈದ್ಯ:
ಖಾಲಿ ಹೊಟ್ಟೆ ಬೇಡ್ವೇ ಬೇಡ. ತಿಂಡಿ ತಿಂದು, ಶುಗರ್ ಮಾತ್ರೆ ದಿನದ ಥರಾನೇ ತಗೊಂಡು ಬೆಳಗ್ಗೆ ಹೊತ್ತಿಗೇ ಹೋಗಿ. ಆಮ್ಲೋಡಿಪಿನ್ ವಿಷಯ ಹೇಳಿದ್ದು ಒಳ್ಳೇದಾಯ್ತು, ಕೆಲವರಿಗೆ ಅದ್ರಿಂದಲೂ ವಸಡು ಬೆಳೆಯುತ್ತೆ, ಆದ್ರೆ ನೀವಾಗೇ ನಿಲ್ಲಿಸ್ಬೇಡಿ. ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ಇದ್ರೆ ಮೊದ್ಲೇ ಹೇಳಿ, ಇತ್ತೀಚಿನ ಎಚ್‌ಬಿಎ1ಸಿ ರಿಪೋರ್ಟ್ ಬ್ಯಾಗಲ್ಲಿ ಇಟ್ಕೊಳ್ಳಿ. ಸಂದಿಗೆ ಹಾಕೋ ಸಣ್ಣ ಬ್ರಷ್ ಯಾವ ಸೈಜ್ ಅಂತ ಅಲ್ಲೇ ಕೇಳಿ, ಅಮ್ಮನ ಕೈಲೇ ಕನ್ನಡಿ ಮುಂದೆ ಒಂದ್ಸಲ ಮಾಡಿಸಿ ತೋರಿಸೋಕೆ ಹೇಳಿ. ಗುರುವಾರ ಆದ್ಮೇಲೆ ಹೇಗಿದಾರೆ ಅಂತ ಇಲ್ಲಿ ತಿಳಿಸಿ.