ಟಾಕೊಗೆ ಮಾಡಿದ ಬೀಫ್ ಖೀಮಾ ನೀರು ನೀರಾಗ್ತದೆ, ಎಂತ ಮಾಡ್ಲಿ?

ಕುಂಬಳೆಯಿಂದ ಕೇಳ್ತಾ ಇದ್ದೇನೆ. ನಾದಿನಿಯ ಮಕ್ಕಳು ದುಬೈಯಿಂದ ರಜೆಗೆ ಬಂದಿದ್ದಾರೆ, ಇಬ್ಬರಿಗೂ ಟಾಕೊ ಅಂದ್ರೆ ಪ್ರಾಣ. ಎರಡು ಸಲ ಮಾಡಿದೆ, ಎರಡು ಸಲವೂ ಕೆಟ್ಟಿತು. ಒಂದು ಕಿಲೋ ಬೀಫ್ ಖೀಮಾ ತಂದು ಮೂರು ನೀರಲ್ಲಿ ತೊಳೆದು, ನೀರುಳ್ಳಿ, ಮೂರು ಟೊಮೆಟೊ, ಉಪ್ಪು, ಮಸಾಲೆ ಎಲ್ಲ ಒಟ್ಟಿಗೆ ನಾನ್‌ಸ್ಟಿಕ್ ಬಾಣಲೆಗೆ ಹಾಕಿ ಮುಚ್ಚಿ ಬೇಯಿಸಿದೆ. ಮುಚ್ಚಳ ತೆಗೆದರೆ ಬೂದು ಬಣ್ಣದ ಮಾಂಸ ನೀರಲ್ಲಿ ತೇಲ್ತಾ ಇತ್ತು. ನೀರು ಬಸಿದೆ, ಅದರ ಜೊತೆ ರುಚಿಯೂ ಹೋಯ್ತು. ಶೆಲ್ಲಿಗೆ, ಅಂದರೆ ಟಾಕೊದ ಮಡಚಿದ ಗರಿಗರಿ ಮೆಕ್ಕೆಜೋಳದ ರೊಟ್ಟಿಗೆ, ತುಂಬಿಸಿ ಎರಡು ನಿಮಿಷ ಆಗುವಾಗ ತಳ ಮೆತ್ತಗಾಗಿ ಒಡೆದು, ಚಿಕ್ಕವನ ಮೊಣಕೈವರೆಗೆ ರಸ ಇಳಿಯಿತು. ಶನಿವಾರ ಅವರು ಹೊರಡ್ತಾರೆ, ಶುಕ್ರವಾರ ಇನ್ನೊಂದು ಸಲ ಮಾಡಬೇಕು. ಮನೆಯಲ್ಲಿ ಮಾಡಿ ಸರಿ ಬಂದವರು ದಯವಿಟ್ಟು ಹೇಳಿ.

ಉಪ್ಪಳದಿಂದ

ನಿಮ್ಮ ಅರ್ಧ ನೀರು ನಳ್ಳಿಯಿಂದಲೇ ಬಂದದ್ದು. ಖೀಮಾ ತೊಳೆದರೆ ಅದು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ತದೆ, ಎಷ್ಟು ಹಿಂಡಿದರೂ ಬಿಡುವುದಿಲ್ಲ. ತೊಳೆಯದೆ ಬೇಯಿಸಿ ಅಂದರೆ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ, ನನಗೂ ಮನಸ್ಸು ಬರುವುದಿಲ್ಲ. ಹಾಗಾಗಿ ನಾನು ಅಂಗಡಿಯಿಂದ ಖೀಮಾ ತರುವುದೇ ಬಿಟ್ಟೆ. ತುಂಡು ಮಾಂಸ ತಂದು, ತೊಳೆದು, ತೂತಿನ ಪಾತ್ರೆಯಲ್ಲಿ ಅರ್ಧ ಗಂಟೆ ಬಸಿಯಲು ಇಡುತ್ತೇನೆ. ಆಮೇಲೆ ಹತ್ತಿಯ ಬೈರಾಸಿನಲ್ಲಿ ಒಂದೊಂದೇ ತುಂಡು ಒತ್ತಿ ಒರೆಸುತ್ತೇನೆ. ಸಣ್ಣಗೆ ಹೆಚ್ಚಿ ತಟ್ಟೆಯಲ್ಲಿ ಹರಡಿ 25 ನಿಮಿಷ ಫ್ರೀಜರ್‌ನಲ್ಲಿಟ್ಟರೆ ಅಂಚು ಗಟ್ಟಿಯಾಗ್ತದೆ. ಆಗ ಮಿಕ್ಸಿಗೆ ಒಂದು ಹಿಡಿಯಷ್ಟೇ ಹಾಕಿ ನಾಲ್ಕೈದು ಸಲ ತಿರುಗಿಸಿ ತಿರುಗಿಸಿ ನಿಲ್ಲಿಸಬೇಕು. ಕಡಲೆಬೇಳೆಯಷ್ಟು ದಪ್ಪ ಇದ್ದರೆ ಸಾಕು. ಒಂದೇ ಸಮನೆ ತಿರುಗಿಸಿದರೆ ಮಾಂಸ ಬಿಸಿಯಾಗಿ ಅಂಟಾಗ್ತದೆ, ಬೇಯಿಸುವಾಗ ಉಂಡೆ ಕಟ್ತದೆ.

ಇನ್ನೊಂದು, ನಮ್ಮ ಕಡೆ ಬೀಫ್ ಅಂತ ಸಿಗುವುದು ಹೆಚ್ಚಾಗಿ ಪೋತು, ಅಂದರೆ ಕೋಣನ ಮಾಂಸ. ಅದರಲ್ಲಿ ನೆಣ ಕಡಿಮೆ. ಟಾಕೊದ ರುಚಿಯಲ್ಲಿ ಒಂದು ದೊಡ್ಡ ಪಾಲು ನೆಣದ್ದು. ಅಂಗಡಿಯವರ ಹತ್ತಿರ ಕಿಲೋಗೆ 150 ಗ್ರಾಮಿನಷ್ಟು ನೆಣ ಬೇರೆ ಕೇಳಿ ತನ್ನಿ, ಕೊಡ್ತಾರೆ.

ಮಂಜೇಶ್ವರದಿಂದ

ಅಕ್ಕ, ನಾನು ಶಾರ್ಜಾದಲ್ಲಿ 11 ವರ್ಷ ಹೋಟೆಲಿನ ಅಡುಗೆಮನೆಯಲ್ಲಿ ಇದ್ದವ. ಮೇಲೆ ಹೇಳಿದ ತೊಳೆಯುವ ಮಾತು ನೂರಕ್ಕೆ ನೂರು ಸರಿ. ಆದರೆ ತೊಳೆಯದಿದ್ದರೂ ನೀರು ಬರ್ತದೆ, ಅದಕ್ಕೆ ಹೆದರಬೇಡಿ. ಒಂದು ಕಿಲೋ ಖೀಮಾದಲ್ಲಿ 600 ಗ್ರಾಮಿಗಿಂತ ಹೆಚ್ಚು ಇರುವುದು ನೀರೇ. ಬಿಸಿ ತಾಗಿ ಮಾಂಸ ಬಿಗಿಯುವಾಗ ಒಂದು ಪಾಲು ಹೊರಗೆ ಬಂದೇ ಬರ್ತದೆ. ಆ ನೀರು ಬಾಣಲೆಯಲ್ಲಿ ನಿಂತಿರುವಷ್ಟು ಹೊತ್ತು ಬಿಸಿ 100 ಡಿಗ್ರಿ ದಾಟುವುದಿಲ್ಲ. ಮಾಂಸ ಕಂದಾಗಿ ಹುರಿದ ಘಮ ಬರಬೇಕಾದರೆ 140 ಡಿಗ್ರಿಯ ಹತ್ತಿರವಾದರೂ ಹೋಗಬೇಕು. ನೀವು ಮುಚ್ಚಳ ಹಾಕಿದ್ದೀರಿ, ಒಂದು ಕಿಲೋ ಒಟ್ಟಿಗೆ ಹಾಕಿದ್ದೀರಿ, ಟೊಮೆಟೊವನ್ನೂ ಆಗಲೇ ಹಾಕಿದ್ದೀರಿ. ಮಾಂಸ ಬೆಂದಿತು, ಆದರೆ ಹುರಿಯಲೇ ಇಲ್ಲ.

ನೀರು ಬಸಿಯಬೇಡಿ, ಬತ್ತಿಸಿ. ಬಸಿದರೆ ಮಾಂಸದ ಸತ್ವ ಸಿಂಕಿಗೆ ಹೋಯ್ತು. ಬತ್ತಿಸಿದರೆ ಅದೇ ಸತ್ವ ತಳದಲ್ಲಿ ಕಂದು ಪದರವಾಗಿ ಹಿಡಿದು ತಿರುಗಿ ಮಾಂಸಕ್ಕೇ ಸೇರ್ತದೆ.

ಮನೆಯಲ್ಲಿ ನಾನು ಮಾಡುವುದು ಹೀಗೆ. ಅಗಲವಾದ ಬೀಡಿನ ಕಾವಲಿ ಅಥವಾ ಕಬ್ಬಿಣದ ಬಾಣಲೆ, ಗುಂಡಿ ಇರಬಾರದು. ಹೊಗೆ ಏಳುವ ಮುಂಚಿನ ಹದಕ್ಕೆ ಕಾಯಿಸಿ ಒಂದು ಚಮಚ ಎಣ್ಣೆ. ಒಂದು ಸಲಕ್ಕೆ ಅರ್ಧ ಕಿಲೋ ಮಾತ್ರ. ಮಾಂಸವನ್ನು ರೊಟ್ಟಿ ತಟ್ಟಿದ ಹಾಗೆ ಒತ್ತಿ ಹರಡಿ, ನಾಲ್ಕು ನಿಮಿಷ ಕೈ ಹಾಕಬೇಡಿ. ಇದು ಕಷ್ಟ, ನಮ್ಮ ಕೈ ಸುಮ್ಮನಿರುವುದಿಲ್ಲ, ಆದರೂ ತಡೆಯಿರಿ. ತಳ ಕಂದಾದ ಮೇಲೆ ದೊಡ್ಡ ತುಂಡುಗಳಾಗಿ ತಿರುಗಿಸಿ ಹಾಕಿ, ಆಮೇಲೆ ಸಟ್ಟುಗದ ಅಂಚಿನಿಂದ ಒಡೆಯುತ್ತಾ ಹೋಗಿ. ನೀರು ಬಿಟ್ಟರೆ ಬಿಡಲಿ, ಬೆಂಕಿ ಜೋರಾಗಿಯೇ ಇರಲಿ, ಮುಚ್ಚಳ ಬೇಡ.

ಈಗ ಕಿವಿ ಕೊಡಬೇಕು. ನೀರು ಇರುವಷ್ಟು ಹೊತ್ತು ಕೊತಕೊತ ಅಂತ ದಪ್ಪ ಸದ್ದು ಬರ್ತದೆ. ನೀರು ಮುಗಿದು ನೆಣ ಮಾತ್ರ ಉಳಿದಾಗ ಸದ್ದು ತೆಳ್ಳಗಾಗಿ ಚರಚರ ಅಂತದೆ, ಉಗಿ ಕಡಿಮೆಯಾಗ್ತದೆ, ವಾಸನೆ ಬದಲಾಗ್ತದೆ. ಬೇಯಿಸಿದ ಮಾಂಸದ ವಾಸನೆ ಹೋಗಿ ಹುರಿದದ್ದರ ವಾಸನೆ. ಆ ಸದ್ದು ಬಂದ ಮೇಲೆಯೇ ಉಪ್ಪು, ಸಣ್ಣಗೆ ಹೆಚ್ಚಿದ ನೀರುಳ್ಳಿ, ಆಮೇಲೆ ಬೆಳ್ಳುಳ್ಳಿ. ಉಪ್ಪನ್ನು ಹಸಿ ಖೀಮಾಕ್ಕೆ ಮೊದಲೇ ಕಲಸಿಟ್ಟರೆ ಮಾಂಸ ಒಂದಕ್ಕೊಂದು ಅಂಟಿ ರಬ್ಬರಿನ ಹಾಗೆ ಆಗ್ತದೆ.

ಹಸಿ ಟೊಮೆಟೊ ಬಾಣಲೆಗೆ ಬೇಡವೇ ಬೇಡ. ಮಾಂಸವನ್ನು ಬದಿಗೆ ಸರಿಸಿ ನಡುವೆ ಜಾಗ ಮಾಡಿ, ಆ ನೆಣದಲ್ಲಿ ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್ ಹಾಕಿ ಇಟ್ಟಿಗೆ ಬಣ್ಣ ಬರುವವರೆಗೆ ಹುರಿಯಿರಿ. ಮಸಾಲೆಯೂ ಅಲ್ಲಿಗೇ, ಅರ್ಧ ನಿಮಿಷ. ಎಣ್ಣೆಯಲ್ಲಿ ಬಿರಿಯದ ಮಸಾಲೆಗೆ ಹಸಿ ವಾಸನೆ ಹೋಗುವುದಿಲ್ಲ, ಅದು ನಿಮಗೆ ನಾನು ಹೇಳಬೇಕಾದ್ದಿಲ್ಲ.

ಮಸಾಲೆಯಲ್ಲಿ ನಮ್ಮವರು ಹೆಚ್ಚಾಗಿ ತಪ್ಪುವ ಒಂದು ಜಾಗ ಉಂಟು. ಅಮೆರಿಕದ ಪಾಕವಿಧಾನದಲ್ಲಿ ಎರಡು ದೊಡ್ಡ ಚಮಚ ಚಿಲ್ಲಿ ಪೌಡರ್ ಅಂತ ಇರ್ತದೆ. ಅದು ನಮ್ಮ ಮೆಣಸಿನ ಪುಡಿ ಅಲ್ಲ. ಖಾರ ಕಡಿಮೆಯ ಮೆಣಸಿಗೆ ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ ಪುಡಿ ಸೇರಿಸಿದ ಮಿಶ್ರಣ ಅದು. ಅಷ್ಟೇ ಅಳತೆಗೆ ನಮ್ಮ ಖಾರದ ಪುಡಿ ಹಾಕಿದರೆ ಮಕ್ಕಳು ಅಳ್ತಾರೆ. ಅರ್ಧ ಕಿಲೋಗೆ ಕುಮ್ಟೆ ಅಥವಾ ಬ್ಯಾಡಗಿ ಮೆಣಸಿನ ಪುಡಿ ಎರಡು ಸಣ್ಣ ಚಮಚ, ಹುರಿದು ಪುಡಿ ಮಾಡಿದ ಜೀರಿಗೆ ಒಂದೂವರೆ, ಕೊತ್ತಂಬರಿ ಒಂದು, ಕಾಳುಮೆಣಸು ಅರ್ಧ, ಪಿಜ್ಜಾದ ಜೊತೆ ಬರುವ ಒರೆಗಾನೊ ಪೊಟ್ಟಣ ಎರಡು. ಗರಂ ಮಸಾಲೆ ಹಾಕಬೇಡಿ, ಲವಂಗ, ಚಕ್ಕೆ ಬಂದ ಕೂಡಲೇ ಅದು ಸಮೋಸದ ಖೀಮಾ ಆಗಿಬಿಡ್ತದೆ.

ಕೊನೆಗೆ ಕಾಲು ಕಪ್ಪು ಬಿಸಿನೀರು ಹಾಕಿ ತಳದ ಕಂದನ್ನೆಲ್ಲ ಕೆರೆದು ಎರಡು ಮೂರು ನಿಮಿಷ ಕುದಿಸಿ. ಇಷ್ಟು ಕಷ್ಟಪಟ್ಟು ನೀರು ಬತ್ತಿಸಿ ಮತ್ತೆ ನೀರಾ ಅಂತ ಕೇಳಬಹುದು. ಪೂರ್ತಿ ಒಣಗಿದ ಖೀಮಾ ಟಾಕೊದಿಂದ ಮರಳಿನ ಹಾಗೆ ಉದುರ್ತದೆ. ಮಸಾಲೆ ಮಾಂಸಕ್ಕೆ ಅಂಟಿ ಹೊಳೆಯಬೇಕು. ಅಂಗಡಿಯ ಟಾಕೊ ಮಸಾಲೆ ಪೊಟ್ಟಣದಲ್ಲಿ ಹಿಟ್ಟಿನ ಅಂಶ ಸೇರಿಸುವುದೂ ಇದಕ್ಕೇ. ಅರ್ಧ ಚಮಚ ಕಾರ್ನ್‌ಫ್ಲೋರ್ ಆ ನೀರಲ್ಲಿ ಕದಡಿದರೆ ನಿಮಗೂ ಅದೇ ಹದ ಸಿಗ್ತದೆ. ಸಟ್ಟುಗದಿಂದ ತಳದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಆಯ್ತು, ರಸ ಓಡಿ ಬಂದು ಮುಚ್ಚಿದರೆ ಇನ್ನೊಂದು ನಿಮಿಷ. ಒಲೆ ಆರಿಸಿದ ಮೇಲೆ ಲಿಂಬೆರಸ.

ಮೆಕ್ಸಿಕೊದಲ್ಲಿ ಟಾಕೊ ಅಂದರೆ ನೂರು ಬಗೆ. ಅಲ್ಲಿಗೆ ವಲಸೆ ಹೋದ ಲೆಬನಾನಿನವರ ಶವರ್ಮದಿಂದ ಹುಟ್ಟಿದ ಅಲ್ ಪಾಸ್ತೊರ್ ಟಾಕೊ ಕೂಡ ಉಂಟು. ಈ ಖೀಮಾ ತುಂಬಿದ ಗರಿಗರಿ ಶೆಲ್ಲಿನದ್ದು ಹೆಚ್ಚಾಗಿ ಅಮೆರಿಕ ಕಡೆಯ ರೂಢಿ, ಟೆಕ್ಸ್-ಮೆಕ್ಸ್ ಅಂತಾರೆ. ಗಡಿಯ ಅಡುಗೆ. ಅದಕ್ಕೇ ಇರಬೇಕು ನನಗೆ ಅದರ ಮೇಲೆ ಪ್ರೀತಿ.

ಬೇಳದಿಂದ

ನಾವು ಬೀಫ್ ಸುಕ್ಕ ಮಾಡುವವರು, ನೀರು ಬತ್ತಿಸುವುದು ಅಮ್ಮನಿಂದ ಕಲಿತದ್ದು. ಆದರೆ ಖೀಮಾಕ್ಕೆ ನನಗೆ ನಿಜವಾಗಿ ಸಹಾಯ ಆದದ್ದು ಅಡುಗೆ ಸೋಡ. ಅರ್ಧ ಕಿಲೋಗೆ ಕಾಲು ಸಣ್ಣ ಚಮಚ ಸೋಡವನ್ನು ಒಂದು ದೊಡ್ಡ ಚಮಚ ನೀರಲ್ಲಿ ಕರಗಿಸಿ, ಮಾಂಸಕ್ಕೆ ಬೆರಳ ತುದಿಯಿಂದ ಹಗುರವಾಗಿ ಕಲಸಿ 15 ನಿಮಿಷ ಬಿಡಿ. ಸೋಡ ಕ್ಷಾರ. ಅದು ತಾಗಿದ ಮಾಂಸ ಅಷ್ಟು ಬಿಗಿಯುವುದಿಲ್ಲ, ಒಳಗಿನ ನೀರನ್ನು ಒಳಗೇ ಇಟ್ಟುಕೊಳ್ತದೆ, ಬೇಗ ಕಂದೂ ಆಗ್ತದೆ. ಕೋಣನ ಮಾಂಸಕ್ಕೆ ಇದು ತುಂಬ ಒಳ್ಳೆಯದು. ಒಂದೇ ಎಚ್ಚರಿಕೆ, ಅಳತೆ ಮೀರಬೇಡಿ. ಒಮ್ಮೆ ಅಂದಾಜಿಗೆ ಹಾಕಿ ಸಾಬೂನಿನ ರುಚಿ ಬಂದು ಇಡೀ ಪಾತ್ರೆ ಬಿಸಾಡಿದ್ದೇನೆ, ಆ ದಿನದ ಬೇಸರ ಇನ್ನೂ ಹೋಗಿಲ್ಲ.

ಒರೆಗಾನೊ ಸಿಗದಿದ್ದರೆ ಹಿತ್ತಿಲಲ್ಲಿ ದೊಡ್ಡಪತ್ರೆ ಇದೆಯಾ ನೋಡಿ. ಎರಡೇ ಎಲೆ, ತುಂಬ ಸಣ್ಣಗೆ ಹೆಚ್ಚಿ. ವಾಸನೆ ಅಷ್ಟು ಹತ್ತಿರ. ಹೊರದೇಶದಲ್ಲಿ ಅದನ್ನು ಕ್ಯೂಬನ್ ಒರೆಗಾನೊ ಅಂತಲೇ ಕರೀತಾರೆ.

ಫ್ರೀಜರ್‌ನ ಖೀಮಾ ಆದರೆ ಹಿಂದಿನ ರಾತ್ರಿಯೇ ಜರಡಿಯಲ್ಲಿಟ್ಟು ಕೆಳಗೆ ಪಾತ್ರೆ ಇಟ್ಟು ಫ್ರಿಜ್‌ನ ಕೆಳಗಿನ ತಟ್ಟಿನಲ್ಲಿ ಕರಗಲು ಬಿಡಿ. ಬೆಳಿಗ್ಗೆ ಆ ಪಾತ್ರೆಯಲ್ಲಿ ಎಷ್ಟು ನೀರು ಇಳಿದಿದೆ ನೋಡಿದರೆ ನಿಮಗೇ ಅರ್ಥ ಆಗ್ತದೆ.

ಬದಿಯಡ್ಕದಿಂದ

ನಮ್ಮ ಮನೆಯಲ್ಲಿ ಮಾಂಸ ಇಲ್ಲ, ನಾನು ರಾಜ್ಮಾ ಹಾಕಿ ಟಾಕೊ ಮಾಡುವುದು. ಹಾಗಾಗಿ ರೊಟ್ಟಿಯ ಬಗ್ಗೆ ಮಾತ್ರ ಹೇಳ್ತೇನೆ. ಪೊಟ್ಟಣದ ಶೆಲ್ ನಮ್ಮ ಹವೆಗೆ ಮೆತ್ತಗಾಗಿಯೇ ಇರ್ತದೆ, ತುಂಬಿಸುವ ಮೊದಲು ಬರೀ ಕಾವಲಿಯಲ್ಲಿ ಎರಡೂ ಮಗ್ಗುಲು ಬಿಸಿ ಮಾಡಿ. ಮನೆಯಲ್ಲೇ ಮಾಡುವುದಾದರೆ ಬರೀ ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡಲು ಹೋಗಬೇಡಿ, ಮಡಚುವಾಗ ಬಿರಿಯುತ್ತದೆ. ಮೆಕ್ಸಿಕೊದವರು ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ನೆನೆಸಿ ಅರೆಯುತ್ತಾರೆ, ಎಲೆ ಅಡಿಕೆಗೆ ಹಚ್ಚುವ ಸುಣ್ಣದ ಜಾತಿಯೇ ಅದು. ಅದರಿಂದ ಹಿಟ್ಟಿಗೆ ಜಿಗುಟು ಬರ್ತದೆ. ನಮ್ಮ ಅಂಗಡಿಯ ಹಿಟ್ಟಿಗೆ ಆ ಸಂಸ್ಕಾರ ಆಗಿರುವುದಿಲ್ಲ. ಅರ್ಧ ಮೆಕ್ಕೆಜೋಳ, ಅರ್ಧ ಗೋಧಿ, ಕುದಿನೀರಲ್ಲಿ ಕಲಸಿ ಅಂಗೈ ಅಗಲಕ್ಕೆ ತೆಳ್ಳಗೆ ಲಟ್ಟಿಸಿ. ಕಾವಲಿಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಮಡಚಿ ಸ್ವಲ್ಪ ಎಣ್ಣೆಯಲ್ಲಿ ಎರಡೂ ಬದಿ ಗರಿಗರಿ ಮಾಡಿದರೆ ಆಯ್ತು.

ತುಂಬಿಸುವಾಗ ಮೊದಲು ತುರಿದ ಚೀಸ್, ಅದರ ಮೇಲೆ ಬಿಸಿ ಪಲ್ಯ, ಮೇಲೆ ಕ್ಯಾಬೇಜ್. ಚೀಸ್ ಕರಗಿ ರೊಟ್ಟಿಗೆ ಲೇಪ ಆಗ್ತದೆ, ರಸ ಇಳಿಯುವುದಿಲ್ಲ. ಟೊಮೆಟೊ ಹಸಿಯಾಗಿ ಹಾಕುವುದಾದರೆ ಬೀಜ ತೆಗೆದು, ಹೆಚ್ಚಿ, ಉಪ್ಪು ಹಾಕಿ ಹತ್ತು ನಿಮಿಷ ಬಸಿಯಿರಿ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗಿಬಿಟ್ಟು ಗಟ್ಟಿ ಮಾಡಿಕೊಳ್ಳಿ.

ಕುಂಬಳೆಯಿಂದ, ಶುಕ್ರವಾರ ರಾತ್ರಿ

ಎಲ್ಲರಿಗೂ ತುಂಬ ತುಂಬ ಉಪಕಾರ ಆಯ್ತು. ತುಂಡು ಮಾಂಸ ತಂದು ತೊಳೆದು ಒರೆಸಿ ಮಿಕ್ಸಿಯಲ್ಲಿ ಮಾಡಿದೆ. ಸೋಡ ಅಳತೆ ಚಮಚದಲ್ಲೇ ಹಾಕಿದೆ. ಅತ್ತೆಯ ದೋಸೆ ಕಾವಲಿಯಲ್ಲಿ ಎರಡು ಸಲವಾಗಿ ಹುರಿದೆ. ಮೊದಲನೇ ಸಲ ಸದ್ದು ಬದಲಾಗುವುದಕ್ಕೆ ಏಳೆಂಟು ನಿಮಿಷ ಹಿಡಿಯಿತು, ಅಷ್ಟರಲ್ಲಿ ಈ ಸಲವೂ ಕೆಡಿಸಿದೆನಾ ಅಂತ ಎರಡು ಸಲ ಹೆದರಿದೆ. ಆಮೇಲೆ ಒಮ್ಮೆಲೇ ಚರಚರ ಅಂದಾಗ ಅತ್ತೆ ಹೊರಗಿನ ಕೋಣೆಯಿಂದ ಏನು ಘಮ ಅಂತ ಕೇಳಿದರು. ಗೆರೆ ಎಳೆದು ನೋಡಿದೆ, ನಿಂತಿತು. ಚಿಕ್ಕವ ಐದು ತಿಂದ, ಕೈ ಒಣಗಿಯೇ ಇತ್ತು. ದೊಡ್ಡವಳಿಗೆ ಜೀರಿಗೆ ಒಂಚೂರು ಹೆಚ್ಚಾಯ್ತಂತೆ, ಮುಂದಿನ ಸಲ ಒಂದೇ ಚಮಚ ಹಾಕ್ತೇನೆ. ಒಂದು ಬಟ್ಟಲು ಖೀಮಾ ಉಳಿದಿದೆ. ನಾಳೆ ಬೆಳಿಗ್ಗೆಗೆ ಆಗ್ತದಾ?

ಉಪ್ಪಳದಿಂದ

ಆಗ್ತದೆ. ಆರಿದ ಕೂಡಲೇ ಅಗಲ ಡಬ್ಬಿಯಲ್ಲಿ ತೆಳ್ಳಗೆ ಹರಡಿ ಫ್ರಿಜ್‌ಗೆ ಇಡಿ, ಎರಡು ಗಂಟೆಗಿಂತ ಹೆಚ್ಚು ಹೊರಗೆ ಬೇಡ. ಬೆಳಿಗ್ಗೆ ಕಾವಲಿಯಲ್ಲೇ ಚೆನ್ನಾಗಿ ಹಬೆಯಾಡುವಷ್ಟು ಬಿಸಿ ಮಾಡಿ, ಮುಚ್ಚಳ ಹಾಕಬೇಡಿ, ಉಗಿ ಕೂಡಿ ಮತ್ತೆ ಒದ್ದೆಯಾಗ್ತದೆ. ನಮ್ಮ ಮನೆಯಲ್ಲಿ ಉಳಿದದ್ದನ್ನು ಪತ್ತಿರಿ, ಅಂದರೆ ತೆಳ್ಳಗಿನ ಅಕ್ಕಿ ರೊಟ್ಟಿಯೊಳಗೆ ಸುತ್ತಿ ಕೊಡುವುದು. ಮಕ್ಕಳು ವಿಮಾನ ಹತ್ತುವ ಮೊದಲು ದಾರಿಯಲ್ಲಿ ತಿನ್ನಲಿಕ್ಕೂ ಅದೇ ಸುಲಭ.